ನಮ್ಮ ಡಾಕ್ಟರ ಜಾಗಕ್ಕೆ ಬಂದಿರುವವರಿಗೆ ಕಾಲು ತೋರಿಸೋದಿಲ್ಲ ಅಂತಾರೆ ಅಪ್ಪ

ಮಾವಿನತೋಪು, ಶ್ರೀನಿವಾಸಪುರ

ನಮಸ್ಕಾರ. ನಾವು ಶ್ರೀನಿವಾಸಪುರದ ಹತ್ತಿರದ ಹಳ್ಳಿಯವರು. ಅಪ್ಪನಿಗೆ 67 ವರ್ಷ. ಶುಗರ್ ಬಂದು 14 ವರ್ಷ ಆಯಿತು, ಬಿಪಿಯೂ ಇದೆ. ಇಷ್ಟು ವರ್ಷವೂ ಟೌನಿನಲ್ಲಿ ಒಬ್ಬರೇ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದಾರೆ. ಅವರ ಕೈಗುಣ ಅಂದರೆ ಅಪ್ಪನಿಗೆ ಅಷ್ಟು ನಂಬಿಕೆ. ಅವರು ಬೆನ್ನು ತಟ್ಟಿದರೇ ಅರ್ಧ ಜ್ವರ ಇಳಿಯುತ್ತದೆ ಅಂತಾರೆ.

ಈಗ ಆ ಡಾಕ್ಟರು ಮಗಳ ಬಾಣಂತನಕ್ಕೆ ಅಂತ ಹೆಂಡತಿಯನ್ನು ಕರೆದುಕೊಂಡು ಅಮೆರಿಕಕ್ಕೆ ಹೋಗಿದ್ದಾರೆ. ಎರಡು ತಿಂಗಳು ಬರುವುದಿಲ್ಲ. ಕ್ಲಿನಿಕ್‌ನಲ್ಲಿ ಅವರ ಕುರ್ಚಿಯಲ್ಲಿ ಒಬ್ಬ ಹುಡುಗಿ ಡಾಕ್ಟರ್ ಕೂತಿದ್ದಾರೆ. ನೋಡಿದರೆ ಮೂವತ್ತು ಆಗಿರಲಾರದು.

ತೊಂದರೆ ಏನು ಅಂದರೆ, ಇದು ಮಾವು ಕೀಳಿಸುವ ಸಮಯ. ಅಪ್ಪ ಹೊಸ ಚಪ್ಪಲಿ ಹಾಕಿಕೊಂಡು ಎರಡು ದಿನ ತೋಪಿನಲ್ಲಿ ಓಡಾಡಿದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಬಂದು ಒಡೆದು ಗಾಯ ಆಗಿದೆ. ಒಂಬತ್ತು ದಿನ ಆಯಿತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಟ್ಟೆ ಕಟ್ಟಿದ್ದಾರೆ. ನಿನ್ನೆ ಬಿಚ್ಚಿ ನೋಡಿದೆ, ನೀರು ಒಸರುತ್ತಿತ್ತು. 'ನೋವೇ ಇಲ್ಲ, ನಿನಗೇನು ಗಾಬರಿ' ಅಂತ ನನ್ನನ್ನೇ ಬೈದರು.

ಆ ಹೊಸ ಡಾಕ್ಟರಿಗೆ ತೋರಿಸೋಣ ಅಂದರೆ ಒಪ್ಪುತ್ತಿಲ್ಲ. 'ಅವರು ಬಾಡಿಗೆ ಡಾಕ್ಟರು. ಎಲ್ಲೂ ಕೆಲಸ ಸಿಗದೆ ಇಲ್ಲಿಗೆ ಬಂದಿರ್ತಾರೆ. ಇವತ್ತು ಇರ್ತಾರೆ, ನಾಳೆ ಇರಲ್ಲ. ನನ್ನ ಕಾಲಿನ ಮೇಲೆ ಕೆಲಸ ಕಲಿಯೋದು ಬೇಡ' ಅಂತಾರೆ. ಅಮ್ಮನೂ ಅದನ್ನೇ ಹೇಳುತ್ತಾರೆ. ನಿಜ ಹೇಳಬೇಕು ಅಂದರೆ ನನಗೂ ಒಳಗೊಳಗೆ ಅನುಮಾನ ಇದೆ. ಹೀಗೆ ಬದಲಿಗೆ ಬರುವ ಡಾಕ್ಟರುಗಳು ಎಂಥವರು? ಕಾಯಬಹುದಾ, ಇಲ್ಲ ಕೋಲಾರಕ್ಕೆ ಕರೆದುಕೊಂಡು ಹೋಗಲಾ?

ಬದಲಿ ಡಾಕ್ಟರ್, ಚಿಂತಾಮಣಿ

ಮೊದಲು ಕಾಲಿನ ವಿಷಯ. ಉಳಿದದ್ದು ಆಮೇಲೆ ಓದಿ.

ಎರಡು ತಿಂಗಳು ಅಲ್ಲ, ಎರಡು ದಿನವೂ ಕಾಯಬೇಡಿ. ನಿಮ್ಮ ತಂದೆಗೆ ನೋವಿಲ್ಲ ಅಂದಿರಲ್ಲ, ನನಗೆ ಜಾಸ್ತಿ ಭಯ ಆಗಿದ್ದು ಆ ಮಾತಿಗೇ. 14 ವರ್ಷದ ಶುಗರ್‌ನಲ್ಲಿ ಪಾದದ ನರ ಮರಗಟ್ಟಿರಬಹುದು. ಆಗ ಮುಳ್ಳು ಚುಚ್ಚಿದರೂ, ಚಪ್ಪಲಿ ಉಜ್ಜಿದರೂ ಗೊತ್ತಾಗುವುದಿಲ್ಲ. ಗಾಯ ಒಳಗಡೆ ಮೂಳೆ ತನಕ ಇಳಿದರೂ ಮನುಷ್ಯ ಅದರ ಮೇಲೇ ನಡೆಯುತ್ತಿರುತ್ತಾನೆ. ನಾಳೆ ಬೆಳಿಗ್ಗೆಯೇ ತೋರಿಸಿ. ಅಲ್ಲಿತನಕ ಎಣ್ಣೆ, ಅರಿಶಿನ ಏನೂ ಬೇಡ. ಬಿಸಿನೀರಿನಲ್ಲಿ ಕಾಲು ಇಡಿಸಲೇಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಜ್ವರ ಬಂದರೆ, ಕೆಂಪು ಮೇಲಕ್ಕೆ ಹರಡಿದರೆ, ಬೆರಳು ಕಪ್ಪಾದರೆ, ವಾಸನೆ ಬಂದರೆ ಕ್ಲಿನಿಕ್‌ಗೆ ಹೋಗದೆ ನೇರ ಕೋಲಾರದ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ.

ಇನ್ನು 'ಬಾಡಿಗೆ ಡಾಕ್ಟರ್' ವಿಷಯ. ನಾನೇ ಅಂಥವಳು. ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮುಳಬಾಗಿಲು, ಬಾಗೇಪಲ್ಲಿ, ಶಿಡ್ಲಘಟ್ಟ, ಒಮ್ಮೆ ಪಾವಗಡ. ಯಾರಾದರೂ ಡಾಕ್ಟರು ರಜೆ ಹೋದರೆ, ಹೆರಿಗೆಗೆ ಹೋದರೆ, ಹುಷಾರು ತಪ್ಪಿದರೆ ನಾನು ಹೋಗಿ ಅವರ ಜಾಗದಲ್ಲಿ ಕೂರುತ್ತೇನೆ. ಒಂದು ವಾರ, ಒಂದು ತಿಂಗಳು, ಕೆಲವು ಸಲ ಒಂದೇ ರಾತ್ರಿ. ನಮ್ಮಲ್ಲಿ ಇದಕ್ಕೆ ಲೋಕಮ್ ಅಂತಾರೆ. ಪೂರ್ತಿ ಹೆಸರು ಲೋಕಮ್ ಟೆನೆನ್ಸ್, ಲ್ಯಾಟಿನ್ ಮಾತು. ಜಾಗ ಹಿಡಿದಿರುವವರು ಅಂತ ಅರ್ಥ.

ಎಲ್ಲೂ ಕೆಲಸ ಸಿಗದೆ ಬಂದವರು ಅನ್ನುವ ಮಾತು ನಾನು ಎದುರಿಗೇ ಕೇಳಿದ್ದೇನೆ. ನನ್ನ ಕಥೆ ಹೇಳಿಬಿಡುತ್ತೇನೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಹೌಸ್ ಸರ್ಜನ್. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ನಮ್ಮ ರಾಜ್ಯದ 2012ರ ಕಾಯ್ದೆಯಲ್ಲಿ ಇತ್ತಲ್ಲ, ಅದರಡಿ ಪಾವಗಡ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದೆ. ಪಿಜಿಗೆ ಓದಬೇಕು ಅಂತ ಕೂತಾಗ ನನ್ನ ತಂದೆಯ ಎರಡೂ ಕಿಡ್ನಿ ಹೋದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವರನ್ನು ಕರೆದುಕೊಂಡು ಹೋಗಿ ಬರುವವರು ಬೇರೆ ಯಾರೂ ಇರಲಿಲ್ಲ. ಒಂದು ದೊಡ್ಡ ಆಸ್ಪತ್ರೆಯ ಖಾಯಂ ಕೆಲಸ ಕೈಗೆ ಬಂದಿತ್ತು, ಬಿಟ್ಟೆ. ಡಯಾಲಿಸಿಸ್ ಇಲ್ಲದ ದಿನ ಮಾತ್ರ ಡ್ಯೂಟಿ ಒಪ್ಪಿಕೊಳ್ಳಬಹುದಾದ ಕೆಲಸ ನನಗೆ ಬೇಕಿತ್ತು. ನನ್ನ ಜೊತೆಯವರಲ್ಲಿ ಒಬ್ಬಳಿಗೆ ಚಿಕ್ಕ ಮಗು ಇದೆ. ಇನ್ನೊಬ್ಬ ನೀಟ್ ಪಿಜಿಗೆ ಓದುತ್ತಾ ವಾರಕ್ಕೆ ಎರಡು ರಾತ್ರಿ ಮಾಡುತ್ತಾನೆ. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಮನೆಯಲ್ಲಿ ಕೂರಲು ಆಗದೆ ಬರುವ 64 ವರ್ಷದ ಸರ್ಜನ್ ಒಬ್ಬರಿದ್ದಾರೆ. ಹೊಲಿಗೆ ಹಾಕುವುದನ್ನು ನಾನು ಸರಿಯಾಗಿ ಕಲಿತದ್ದು ಅವರ ಹತ್ತಿರ.

ದುಡ್ಡಿಗೆ ಬರುತ್ತಾರೆ ಅಂತಲೂ ಅಂತಾರೆ. ದುಡ್ಡು ತೆಗೆದುಕೊಳ್ಳುತ್ತೇವೆ, ಹೌದು. ಹೋದ ದಿನಕ್ಕೆ ಮಾತ್ರ. ರಜೆ ಇಲ್ಲ, ಪಿಎಫ್ ಇಲ್ಲ. ಅಪ್ಪ ತೀರಿಕೊಂಡ ತಿಂಗಳು ನನಗೆ ಆದಾಯವೇ ಇರಲಿಲ್ಲ.

ನಾಳೆ ಇರುವುದಿಲ್ಲ, ಆದ್ದರಿಂದ ಇವರಿಗೆ ಹೊಣೆ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಇದು ಪೂರ್ತಿ ತಪ್ಪು. ನಾನು ಬರೆದ ಪ್ರತಿ ಚೀಟಿಯಲ್ಲೂ ನನ್ನ ಹೆಸರು, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ನಂಬರ್ ಇರಬೇಕು. ಕ್ಲಿನಿಕ್ ಬಿಟ್ಟು ನಾನು ಹೋಗಬಹುದು, ಆ ನಂಬರ್ ನನ್ನನ್ನು ಬಿಟ್ಟು ಹೋಗುವುದಿಲ್ಲ. ದೂರು ಬಂದರೆ ಕೌನ್ಸಿಲ್ ಮುಂದೆ ನಿಲ್ಲುವವಳು ನಾನೇ. ಗ್ರಾಹಕರ ಕೋರ್ಟಿಗೂ ಕರೆಯಬಹುದು, 1995ರಲ್ಲೇ ಸುಪ್ರೀಂ ಕೋರ್ಟ್ ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕರ ರಕ್ಷಣಾ ಕಾಯ್ದೆಗೆ ಬರುತ್ತದೆ ಅಂತ ಹೇಳಿದೆ. ನನ್ನನ್ನು ಕೂರಿಸಿದ ಆಸ್ಪತ್ರೆಯೂ ಜೊತೆಗೆ ಉತ್ತರ ಹೇಳಬೇಕು.

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಒಂದು ಸಣ್ಣ ನರ್ಸಿಂಗ್ ಹೋಂ, ಊರು ಬೇಡ. ನನಗೆ ಅಲ್ಲಿ ಅದೇ ಮೊದಲ ರಾತ್ರಿ. ಎಲ್ಲಿ ಹೋದರೂ ನಾನು ಮೊದಲ ಕಾಲು ಗಂಟೆ ರೋಗಿಗಳನ್ನು ನೋಡುವುದಿಲ್ಲ. ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ, ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಎಲ್ಲಿದೆ, ಫಾರ್ಮಸಿ ಬೀಗ ಯಾರ ಹತ್ತಿರ, ಹಾವಿನ ಔಷಧಿ ಎಷ್ಟು ಬಾಟಲಿ ಇದೆ ಅಂತ ನೋಡುತ್ತೇನೆ. ಅಲ್ಲಿ ಇದ್ದದ್ದು ನಾಲ್ಕು ಬಾಟಲಿ. ಹಾವಿನ ವಿಷ ಏರಿದ ಲಕ್ಷಣ ಕಂಡರೆ ಶುರುವಿಗೇ ಸಾಮಾನ್ಯವಾಗಿ ಹತ್ತು ಬೇಕು. ಮಾಲೀಕ ಡಾಕ್ಟರು ಮದುವೆಗೆ ಹೋಗಿದ್ದರು. ಫೋನ್ ಮಾಡಿ ಹಟ ಹಿಡಿದು ರಾತ್ರಿ ಒಂಬತ್ತರೊಳಗೆ ಇನ್ನು ಎಂಟು ತರಿಸಿದೆ.

ಹನ್ನೊಂದೂವರೆಗೆ ಕಡಲೆಕಾಯಿ ಹೊಲದಲ್ಲಿ ಕಾಲಿಗೆ ಕಚ್ಚಿಸಿಕೊಂಡ ಒಬ್ಬರನ್ನು ಬೈಕಿನಲ್ಲಿ ಮಧ್ಯ ಕೂರಿಸಿಕೊಂಡು ಬಂದರು. ಕೊಳಕುಮಂಡಲ ಅಂದರು. ಮಗ ನನ್ನ ಮುಖ ನೋಡಿ 'ದೊಡ್ಡ ಡಾಕ್ಟರನ್ನು ಕರೀರಿ, ಇವರು ಇವತ್ತೇ ಬಂದವರಂತೆ' ಅಂತ ಸಿಸ್ಟರ್ ಮೇಲೆ ಕೂಗಿದ. ನಾನು ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದುಕೊಂಡು ಅಲ್ಲಾಡದ ಹಾಗೆ ಮೇಜಿನ ಮೇಲೆ ಇಟ್ಟೆ. 'ಗಡಿಯಾರ ನೋಡಿಕೊಳ್ಳಪ್ಪ, 20 ನಿಮಿಷ' ಅಂದೆ. ಆಮೇಲೆ ಅವನ ಕಣ್ಣೆದುರೇ ಟ್ಯೂಬ್ ಬಗ್ಗಿಸಿದೆ. ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು. ವಿಷ ರಕ್ತಕ್ಕೆ ಇಳಿದಿದೆ ಅಂತ ಅವನಿಗೂ ಅರ್ಥವಾಯಿತು. 'ಹಾಕಿ ಮೇಡಂ' ಅಂದ. ಹತ್ತು ಬಾಟಲಿ ಹಾಕಿ, ಪಕ್ಕದಲ್ಲೇ ನಿಂತಿದ್ದು, ಆಮೇಲೆ 108ರಲ್ಲಿ ಕೋಲಾರಕ್ಕೆ ಕಳಿಸಿದೆ. ಅವರು ಬದುಕಿದರು. ಬೆಳಿಗ್ಗೆ ಎಂಟಕ್ಕೆ ನನ್ನ ಡ್ಯೂಟಿ ಮುಗಿಯಿತು, ಆ ನರ್ಸಿಂಗ್ ಹೋಂಗೆ ನಾನು ಮತ್ತೆ ಹೋಗಿಲ್ಲ.

ಅನುಮಾನ ಪಡುವುದೇ ತಪ್ಪು ಅಂತ ಮಾತ್ರ ನಾನು ಹೇಳುವುದಿಲ್ಲ. ಕೆಲವು ಕಡೆ ಆಯುರ್ವೇದ ಓದಿದವರನ್ನು ರಾತ್ರಿ ಡ್ಯೂಟಿಗೆ ಇಟ್ಟು ರೋಗಿಗಳಿಗೆ ಹೇಳದೇ ಇರುವುದನ್ನು ಕಂಡಿದ್ದೇನೆ. ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಮಾಡಿ ಕಣ್ಣು ಬಿಡಲಾರದೆ ಕೂತವರನ್ನೂ ಕಂಡಿದ್ದೇನೆ. ಆದ್ದರಿಂದ ಧೈರ್ಯವಾಗಿ ಕೇಳಿ: 'ನೀವು ಏನು ಓದಿದ್ದೀರಿ ಮೇಡಂ, ನಿಮ್ಮ ರಿಜಿಸ್ಟ್ರೇಷನ್ ನಂಬರ್ ಏನು?' ನನಗೆ ಯಾರಾದರೂ ಹೀಗೆ ಕೇಳಿದರೆ ಬೇಜಾರಾಗುವುದಿಲ್ಲ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಆ ನಂಬರ್ ಹುಡುಕಿ ನೋಡಬಹುದು.

ನಾಳೆ ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಶೀಟುಗಳು, ಮೂರು ತಿಂಗಳ ಶುಗರ್ ರಿಪೋರ್ಟ್ ಇದ್ದರೆ ಅದು, ಆ ಹೊಸ ಚಪ್ಪಲಿ, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಚಪ್ಪಲಿ ಮರೆಯಬೇಡಿ.

ಹಾಲಿನ ಡೇರಿ, ಗೌರಿಬಿದನೂರು

ಡಾಕ್ಟರ್ ಅಕ್ಕ, ನೀವು ಒಳ್ಳೆಯವರಿರಬಹುದು. ನಮಗೆ ಆದ ಅನುಭವ ಬೇರೆ. ಹೋದ ವರ್ಷ ನಮ್ಮ ಅಮ್ಮನ ಡಾಕ್ಟರು ಇಲ್ಲದಾಗ ಬದಲಿಗೆ ಬಂದವರು ಬಿಪಿ ಮಾತ್ರೆ ಬದಲಾಯಿಸಿದರು. ಮೂರು ವಾರಕ್ಕೆ ಅಮ್ಮನ ಎರಡೂ ಪಾದ ಊದಿಕೊಂಡವು. ಕಿಡ್ನಿ ಹೋಯಿತು ಅಂತ ಮನೆಯಲ್ಲಿ ಎಲ್ಲರೂ ಅತ್ತೆವು. ಕ್ಲಿನಿಕ್‌ಗೆ ಓಡಿದರೆ ಬೀಗ. ಆ ಬದಲಿ ಡಾಕ್ಟರು ಹೋಗಿಯಾಗಿತ್ತು, ಹಳೆಯವರು ಇನ್ನೂ ಬಂದಿರಲಿಲ್ಲ. ಫೋನ್ ನಂಬರ್ ಕೂಡ ಯಾರೂ ಕೊಡಲಿಲ್ಲ. ಮೂರು ಸಾವಿರ ಖರ್ಚು ಮಾಡಿ ಬೆಂಗಳೂರಿನಲ್ಲಿ ಟೆಸ್ಟ್ ಮಾಡಿಸಿದರೆ ಕಿಡ್ನಿ ಸರಿಯಾಗಿತ್ತು. ಮಾತ್ರೆಯಿಂದ ಅಂದರು. ನಮಗೆ ಆದ ಆ ಹಿಂಸೆಗೆ ಯಾರು ಹೊಣೆ?

ಬದಲಿ ಡಾಕ್ಟರ್, ಚಿಂತಾಮಣಿ

ನಿಮ್ಮ ಸಿಟ್ಟು ನ್ಯಾಯವಾದದ್ದು. ಓದಿ ನನಗೂ ಸಂಕಟವಾಯಿತು.

ಆ ಮಾತ್ರೆ ಆಮ್ಲೋಡಿಪಿನ್ ಇರಬಹುದು. ಒಳ್ಳೆಯ ಮಾತ್ರೆ, ಬಿಪಿಗೆ ತುಂಬಾ ಜನ ನುಂಗುತ್ತಾರೆ. ಆದರೆ ಕೆಲವರಿಗೆ ಪಾದ ಊದುತ್ತದೆ, ಎಲ್ಲ ಡಾಕ್ಟರಿಗೂ ಇದು ಗೊತ್ತು. 'ಅಮ್ಮಾ, ಕಾಲು ಊದಿದರೆ ಗಾಬರಿ ಬೇಡ, ಬಂದು ಹೇಳಿ' ಅಂತ ಒಂದು ಮಾತು ಹೇಳಿದ್ದರೆ ನೀವು ಯಾರೂ ಅಳುತ್ತಿರಲಿಲ್ಲ. ಯಾಕೆ ಬದಲಾಯಿಸಿದೆ ಅಂತ ಒಂದು ಸಾಲು ಬರೆದಿಟ್ಟಿದ್ದರೆ ಮುಂದಿನ ಡಾಕ್ಟರಿಗೆ ಐದು ನಿಮಿಷದ ಕೆಲಸ ಆಗುತ್ತಿತ್ತು.

ನಮ್ಮ ಕೆಲಸದ ನಿಜವಾದ ದೌರ್ಬಲ್ಯ ಇಲ್ಲಿದೆ. ಜನ ನಮ್ಮ ಓದಿನ ಮೇಲೆ, ವಯಸ್ಸಿನ ಮೇಲೆ ಅನುಮಾನ ಪಡುತ್ತಾರೆ. ಆದರೆ ಕೆಡುವುದು ಒಬ್ಬರು ಎದ್ದು ಇನ್ನೊಬ್ಬರು ಕೂರುವ ಹೊತ್ತಿನಲ್ಲಿ. ಹೇಳಬೇಕಾದ ವಿಷಯ ಆ ಎರಡು ಕುರ್ಚಿಯ ನಡುವೆ ಬಿದ್ದುಹೋಗುತ್ತದೆ. ನಾನು ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಯಾರಿಗೆ ಏನು ಬದಲಾಯಿಸಿದೆ, ಯಾಕೆ, ಯಾರ ರಿಪೋರ್ಟ್ ಬರಬೇಕು ಅಂತ ಅದರಲ್ಲಿ ಬರೆದು, ಹೊರಡುವ ದಿನ ಆ ಹಾಳೆಗಳ ಫೋಟೋವನ್ನು ಆ ಊರಿನ ಡಾಕ್ಟರಿಗೆ ಕಳಿಸುತ್ತೇನೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಮೊದಲ ವರ್ಷ ನಾನೂ ಬರೆಯದೆ ಬಂದಿದ್ದೆ. ಒಬ್ಬ ಅಜ್ಜಿಯ ಥೈರಾಯ್ಡ್ ರಿಪೋರ್ಟ್ ಎರಡು ತಿಂಗಳು ಡ್ರಾಯರ್‌ನಲ್ಲೇ ಉಳಿಯಿತು ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ಶುರುವಾದ ಅಭ್ಯಾಸ.

ಇನ್ನೊಂದು. ಬಾಗಿಲು ಹಾಕಿಕೊಂಡು ಹೋಗುವಾಗ ರೋಗಿಗಳಿಗೆ ದಾರಿ ತೋರಿಸಿ ಹೋಗಬೇಕಾದ್ದು ಕ್ಲಿನಿಕ್‌ನವರ ಹೊಣೆ. ಆಸ್ಪತ್ರೆಗೆ ಸೇರಿಸಿದ್ದರೆ ಅಲ್ಲಿನ ದಾಖಲೆ ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಡವಳಿಕೆ ನಿಯಮದಲ್ಲೇ ಇದೆ. ಬರೆದು ಕೇಳಿ.

ಹಳೇ ಸಿಸ್ಟರ್, ತುಮಕೂರು

ನಾನು 19 ವರ್ಷದಿಂದ ನರ್ಸ್. ಎಷ್ಟೋ ಡ್ಯೂಟಿ ಡಾಕ್ಟರು ಬಂದು ಹೋಗಿದ್ದನ್ನು ನೋಡಿದ್ದೇನೆ. ಒಳ್ಳೆಯವರನ್ನು ಹೇಗೆ ಗುರುತು ಹಿಡಿಯುತ್ತೇವೆ ಅಂದರೆ, ಅವರು ಬಂದ ತಕ್ಷಣ ನಮ್ಮನ್ನು ಕೇಳುತ್ತಾರೆ. 'ಸಿಸ್ಟರ್, ಇಲ್ಲಿ ಹೇಗೆ ನಡೆಯುತ್ತೆ? ಯಾವ ಬೆಡ್ ಬಗ್ಗೆ ನಿಮಗೆ ಭಯ ಇದೆ?' ಹನ್ನೊಂದು ದಿನಕ್ಕೆ ಅಂತ ಬಂದಿದ್ದ ಒಬ್ಬರು ಪ್ರತಿ ರಾತ್ರಿ ಎರಡು ಗಂಟೆಗೆ ಎದ್ದು ಒಂದು ಸುತ್ತು ಹಾಕುತ್ತಿದ್ದರು. ಯಾರೂ ಕರೆಯದಿದ್ದರೂ.

ಜನರ ಕಡೆಯಿಂದಲೂ ಒಂದು ತಪ್ಪು ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಡಾಕ್ಟರು ಅಂದರೆ ಅರ್ಧ ವಿಷಯ ಹೇಳುವುದೇ ಇಲ್ಲ. 'ಯಾವ ಮಾತ್ರೆ ತಗೋತೀರಾ ಅಜ್ಜಿ' ಅಂದರೆ 'ಬಿಳೀದು ಒಂದು, ಕೆಂಪುದು ಅರ್ಧ' ಅಂತಾರೆ. ನಾಟಿ ಔಷಧಿ ತೆಗೆದುಕೊಂಡಿದ್ದನ್ನು ಮುಚ್ಚಿಡುತ್ತಾರೆ. ಹಳೇ ಡಾಕ್ಟರಿಗೆ ಕೇಳದೇ ಎಲ್ಲ ಗೊತ್ತಿರುತ್ತದೆ. ಕೈಗುಣ ಅಂತ ನಾವು ಅನ್ನುವುದರಲ್ಲಿ ಮುಕ್ಕಾಲು ಪಾಲು ಅದೇ ಅಂತ ನನಗೆ ಅನ್ನಿಸುತ್ತದೆ. 14 ವರ್ಷದ ಪರಿಚಯ. ಅದನ್ನು ಹೊಸಬರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಇಂಜೆಕ್ಷನ್ ಹಾಕಲಿಲ್ಲ, ಗ್ಲೂಕೋಸ್ ಹಾಕಲಿಲ್ಲ, ಅದಕ್ಕೇ ಇವರಿಗೆ ಏನೂ ಗೊತ್ತಿಲ್ಲ ಅನ್ನುವವರೂ ಇದ್ದಾರೆ. ಬೇಡ ಅಂತ ಹೇಳುವ ಡಾಕ್ಟರೇ ಎಷ್ಟೋ ಸಲ ಸರಿ.

ತಿಪಟೂರಿನವಳು, ಈಗ ಲೆಸ್ಟರ್

ಊರು ತಿಪಟೂರು, ಇಂಗ್ಲೆಂಡಿನಲ್ಲಿ ಡಾಕ್ಟರ್ ಆಗಿದ್ದೇನೆ. ಇಲ್ಲಿ ಲೋಕಮ್ ಅನ್ನುವುದು ತೀರಾ ಸಾಮಾನ್ಯ. ನಾನೂ ಎರಡು ವರ್ಷ ಮಾಡಿದ್ದೇನೆ. ಲೋಕಮ್ ಅಂತ ಯಾವ ರಿಯಾಯಿತಿಯೂ ಇಲ್ಲ. ಖಾಯಂ ಇದ್ದವರ ಹಾಗೆಯೇ ಪ್ರತಿ ವರ್ಷ ಕೆಲಸದ ಪರಿಶೀಲನೆ, ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಲೈಸೆನ್ಸ್ ಮುಂದುವರಿಸಬಹುದಾ ಅನ್ನುವ ತೀರ್ಮಾನ. ಈ ಪದ್ಧತಿ 2012ರ ಡಿಸೆಂಬರ್‌ನಿಂದ ಇದೆ.

ಬದಲಿ ಡಾಕ್ಟರು ನೋಡಿದರೆ ಸಾವು ಜಾಸ್ತಿ ಆಗುತ್ತದಾ ಅಂತ ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2009ರಿಂದ 2014ರ ತನಕ ಆಸ್ಪತ್ರೆ ಸೇರಿದ ವಯಸ್ಸಾದವರ ದಾಖಲೆಗಳು. ಬದಲಿ ಡಾಕ್ಟರು ನೋಡಿದವರಲ್ಲಿ 30 ದಿನದೊಳಗೆ ತೀರಿಕೊಂಡವರು ನೂರಕ್ಕೆ 8.83, ಖಾಯಂ ಡಾಕ್ಟರು ನೋಡಿದವರಲ್ಲಿ 8.70. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಆದರೆ ಬದಲಿಯವರನ್ನು ಅಪರೂಪಕ್ಕೆ ಕರೆಯುವ ಆಸ್ಪತ್ರೆಗಳಲ್ಲಿ ಮಾತ್ರ ಅವರು ನೋಡಿದವರಲ್ಲಿ ಸಾವು ಹೆಚ್ಚಿತ್ತು. ಚಿಂತಾಮಣಿಯ ಡಾಕ್ಟರು ಹೇಳಿದ ಎರಡು ಕುರ್ಚಿಯ ಮಾತು ಓದಿದಾಗ ನನಗೆ ಇದೇ ನೆನಪಾಯಿತು. ಹೊಸಬರನ್ನು ಕೂರಿಸಿಕೊಂಡು ಅಭ್ಯಾಸ ಇಲ್ಲದ ಕಡೆ ಯಾರು ಅವರಿಗೆ ವಿಷಯ ಒಪ್ಪಿಸುತ್ತಾರೆ, ಅಲ್ವಾ?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಮೂರು ದಿನ ಆಯಿತು, ಬರೆಯಲು ಆಗಲಿಲ್ಲ.

ಅವತ್ತು ರಾತ್ರಿ ಕಡಲೆಕಾಯಿ ಹೊಲದ ಕಥೆಯನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಬೆಳಿಗ್ಗೆ ಏಳಕ್ಕೆ ನೋಡಿದರೆ ಅಂಗಿ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದರು.

ಮಾತ್ರೆ ಶೀಟು, ಚೀಟಿ, ಚಪ್ಪಲಿ, ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆವು. ಡಾಕ್ಟರು ನೆಲದ ಮೇಲೆ ಕೂತು ಅಪ್ಪನ ಕಾಲನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡರು. ಅಪ್ಪ 'ಅಯ್ಯೋ ಬೇಡಮ್ಮ' ಅಂತ ಎಳೆದುಕೊಳ್ಳಲು ಹೋದರು. ಸಣ್ಣ ಪ್ಲಾಸ್ಟಿಕ್ ದಾರದ ಥರದ್ದರಲ್ಲಿ ಪಾದದ ಅಲ್ಲಲ್ಲಿ ಮುಟ್ಟಿ, ಕಣ್ಣು ಮುಚ್ಚಿಕೊಂಡು ಹೇಳಿ ತಾತ ಅಂದರು. ಎಷ್ಟೋ ಕಡೆ ಮುಟ್ಟಿದರೂ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಅಪ್ಪನ ಮುಖ ಆಗ ನೋಡಬೇಕಿತ್ತು. ಚಪ್ಪಲಿ ಒಳಗೆ ಕೈ ಹಾಕಿ, ಅಟ್ಟೆಯಿಂದ ಎದ್ದಿದ್ದ ಒಂದು ಮೊಳೆಯ ತುದಿ ನನಗೂ ಮುಟ್ಟಿಸಿದರು.

ರಿಜಿಸ್ಟ್ರೇಷನ್ ನಂಬರ್ ಕೇಳಲು ನನಗೆ ನಾಚಿಕೆ ಆಗಿತ್ತು. ಕೇಳಬೇಕಾಗಲಿಲ್ಲ, ಚೀಟಿಯಲ್ಲಿ ಸೀಲ್ ಇತ್ತು. ಎಕ್ಸ್‌ರೇ ಮಾಡಿಸಿದೆವು, ಮೂಳೆಗೆ ಇಳಿದಿಲ್ಲ. ಸತ್ತ ಚರ್ಮ ತೆಗೆದು ಡ್ರೆಸ್ಸಿಂಗ್ ಮಾಡಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ತೋಪಿಗೆ ಹೋಗುವುದು ಬಂದ್. ಗಾಯದ ಫೋಟೋ ತೆಗೆದು ಅಮೆರಿಕದಲ್ಲಿರುವ ನಮ್ಮ ಡಾಕ್ಟರಿಗೂ ಕಳಿಸಿದರು, ಅವರಿಂದ ಸಂಜೆ ಅಪ್ಪನಿಗೇ ಫೋನ್ ಬಂತು. 'ಆ ಮಗು ಹೇಳಿದ ಹಾಗೆ ಕೇಳು' ಅಂದರಂತೆ. ಅಪ್ಪ ಈಗ ಆ ಚೀಟಿಯನ್ನು ಪಹಣಿ, ಬ್ಯಾಂಕ್ ಪಾಸ್‌ಬುಕ್ ಇಡುವ ಕವರಿನಲ್ಲಿ ಇಟ್ಟಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಅಂದಿದ್ದಾರೆ. ಭಾನುವಾರ ಕ್ಲಿನಿಕ್ ಇರುವುದಿಲ್ಲ. ನಾನೇ ಮನೆಯಲ್ಲಿ ಮಾಡಬಹುದಾ?

ಹಳೇ ಸಿಸ್ಟರ್, ತುಮಕೂರು

ಮೊದಲ ಎರಡು ವಾರ ನೀವು ಮಾಡಬೇಡಿ. ಭಾನುವಾರ ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಡ್ಯೂಟಿಯಲ್ಲಿ ಇರುವವರಿಗೆ ಆ ಚೀಟಿ, ಗಾಯದ ಹಳೇ ಫೋಟೋ ಎರಡೂ ತೋರಿಸಿ. ಕಡಿಮೆಯಾಗಿದೆಯಾ ಜಾಸ್ತಿಯಾಗಿದೆಯಾ ಅಂತ ಅವರಿಗೆ ಗೊತ್ತಾಗುತ್ತದೆ. ಡ್ರೆಸ್ಸಿಂಗ್ ಒದ್ದೆ ಮಾಡಬೇಡಿ. ಮನೆಯೊಳಗೂ ತಾತನನ್ನು ಬರಿಗಾಲಿನಲ್ಲಿ ಓಡಾಡಲು ಬಿಡಬೇಡಿ. ಇನ್ನೊಂದು ಕಾಲನ್ನೂ ದಿನಾ ಸಂಜೆ ಬೆಳಕಿನಲ್ಲಿ ನೋಡಿ.